ಕಿಡಿಯ ಹೊತ್ತು: ಹಳೆಯ ಇಂಜೆಕ್ಷನ್ ಕಾರುಗಳಲ್ಲಿ ಟೈಮಿಂಗ್ ಇಡುವ ಪ್ರಶ್ನೆ

ಪೆಟ್ರೋಲ್ ಎಂಜಿನ್ನಿನಲ್ಲಿ ಪ್ಲಗ್ಗು ಕಿಡಿ ಹಾರಿಸಬೇಕಾದ್ದು ಪಿಸ್ಟನ್ ಮೇಲಿನ ತುದಿ ಮುಟ್ಟುವುದಕ್ಕೆ ಸ್ವಲ್ಪ ಮೊದಲು. ಸಿಲಿಂಡರಿನೊಳಗಿನ ಮಿಶ್ರಣ ಒಮ್ಮೆಗೇ ಸಿಡಿಯುವುದಿಲ್ಲ, ಉರಿಯುತ್ತಾ ಹೋಗುತ್ತದೆ. ಪ್ಲಗ್ಗಿನ ಬಾಯಿಂದ ಹೊರಟ ಜ್ವಾಲೆ ಗೋಡೆ ತಲುಪಲು ಕೆಲವು ಮಿಲಿಸೆಕೆಂಡು ಹಿಡಿಯುತ್ತದೆ. ಎಂಜಿನ್ ನಿಮಿಷಕ್ಕೆ 800 ಸುತ್ತಿನಲ್ಲಿ ಐಡ್ಲಿಂಗ್ ಇರುವಾಗ ಒಂದು ಮಿಲಿಸೆಕೆಂಡಿನಲ್ಲಿ ಕ್ರ್ಯಾಂಕು 4.8 ಡಿಗ್ರಿ ತಿರುಗುತ್ತದೆ. 6000 ಸುತ್ತಿನಲ್ಲಿ ಅದೇ ಮಿಲಿಸೆಕೆಂಡಿಗೆ 36 ಡಿಗ್ರಿ. ವೇಗ ಏರಿದಂತೆ ಒಳಗಿನ ಗಾಳಿಯ ಸುಳಿಯೂ ಜೋರಾಗಿ ಉರಿ ಬೇಗ ಹರಡುತ್ತದೆ, ಹಾಗಾಗಿ ಲೆಕ್ಕ ಅಷ್ಟು ನೇರವಲ್ಲ. ಆದರೂ ವೇಗದ ಜೊತೆ ಕಿಡಿಯನ್ನು ಮುಂದಕ್ಕೆ, ಎಂದರೆ ಇನ್ನೂ ಮುಂಚೆಗೆ, ಸರಿಸಲೇಬೇಕು. ಒತ್ತಡದ ಶಿಖರವು ಪಿಸ್ಟನ್ ತುದಿ ದಾಟಿ ಸುಮಾರು 15 ಡಿಗ್ರಿ ಕೆಳಗಿಳಿದಾಗ ಬಂದರೆ ಇಂಧನದಿಂದ ಹೆಚ್ಚಿನ ಕೆಲಸ ಸಿಗುತ್ತದೆ. ಕಿಡಿ ತೀರ ಮುಂಚೆ ಹಾರಿದರೆ ಏರುತ್ತಿರುವ ಪಿಸ್ಟನ್ನಿಗೇ ಎದುರೇಟು, ಜೊತೆಗೆ ನಾಕಿಂಗ್ ಎಂಬ ಕಿಣಿಕಿಣಿ ಸಿಡಿತ. ತಡವಾದರೆ ಬಲವಾಗಬೇಕಿದ್ದ ಬಿಸಿ ಎಕ್ಸಾಸ್ಟಿಗೆ ಹೋಗುತ್ತದೆ; ಕಾರು ಏಳುವುದಿಲ್ಲ, ಎಂಜಿನ್ ಕಾಯುತ್ತದೆ, ಪೆಟ್ರೋಲ್ ಕುಡಿಯುತ್ತದೆ.

ಈ ಲೆಕ್ಕವನ್ನು ಯಾರು ಮಾಡುತ್ತಾರೆ ಎಂಬುದರ ಮೇಲೆ ಟೈಮಿಂಗ್ ಇಡುವ ಕೆಲಸದ ಸ್ವರೂಪವೆಲ್ಲ ನಿಂತಿದೆ. ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಅದನ್ನು ಓಡಿಸುವವನೇ ಮಾಡುತ್ತಿದ್ದ: ಸ್ಟಿಯರಿಂಗ್ ಕೆಳಗೆ ಎಡಗಡೆ ಕಿಡಿಯ ಲಿವರ್, ಬಲಗಡೆ ಥ್ರಾಟಲ್ ಲಿವರ್. ಆಮೇಲೆ ಡಿಸ್ಟ್ರಿಬ್ಯೂಟರ್ ಆ ಕೆಲಸ ವಹಿಸಿಕೊಂಡಿತು. ನಮ್ಮ ಗ್ಯಾರೇಜುಗಳಲ್ಲಿ ಡೆಲ್ಕೋ ಎಂದೇ ಕರೆಯುವ ಈ ಡಬ್ಬಿಯೊಳಗೆ ಸ್ಪ್ರಿಂಗಿಗೆ ಕಟ್ಟಿದ ಎರಡು ತೂಕಗಳು ವೇಗಕ್ಕೆ ತಕ್ಕಂತೆ ಹೊರಕ್ಕೆ ಚಾಚಿ ಕಿಡಿಯನ್ನು ಮುಂದುಮಾಡುತ್ತಿದ್ದವು. ಪಕ್ಕದ ವ್ಯಾಕ್ಯೂಮ್ ಡಯಾಫ್ರಮ್ ಎಂಜಿನ್ನಿನ ಮೇಲಿನ ಭಾರವನ್ನು ನೋಡಿಕೊಳ್ಳುತ್ತಿತ್ತು. ಆಕ್ಸಿಲರೇಟರ್ ಹಗುರವಾಗಿದ್ದಾಗ ಸಿಲಿಂಡರಿನಲ್ಲಿ ಮಿಶ್ರಣ ತೆಳು, ಉರಿ ನಿಧಾನ, ಅದಕ್ಕೆ ಇನ್ನಷ್ಟು ಅಡ್ವಾನ್ಸ್. ಅಂಬಾಸಿಡರ್, ಪದ್ಮಿನಿಗಳ ಕಾಲದ ಮೆಕ್ಯಾನಿಕ್ಕುಗಳು ಕಾಯಿಲಿಗೆ ಸಣ್ಣ ಬಲ್ಬ್ ಕಟ್ಟಿ, ಪಾಯಿಂಟ್ ಬಿಚ್ಚಿಕೊಳ್ಳುವ ಕ್ಷಣ ನೋಡಿ ಡೆಲ್ಕೋ ಕೂರಿಸುತ್ತಿದ್ದರು. ನಂತರ ಎಂಜಿನ್ನಿನ ಸದ್ದು ಕೇಳಿ ಒಂದು ಕೂದಲೆಳೆ ಆ ಕಡೆ ಈ ಕಡೆ ತಿರುಗಿಸುತ್ತಿದ್ದರು. ಆ ಎಂಜಿನ್ನುಗಳಿಗೆ ಆ ಕಿವಿ ಸಾಕಾಗಿತ್ತು, ಏಕೆಂದರೆ ಡಬ್ಬಿ ತಿರುಗಿಸಿದರೆ ಕಿಡಿ ತಿರುಗುತ್ತಿತ್ತು, ನಡುವೆ ಇನ್ನೊಬ್ಬರಿರಲಿಲ್ಲ.

ಇಂಜೆಕ್ಷನ್ ಬಂದ ಕೂಡಲೇ ಆ ಇನ್ನೊಬ್ಬರು ಬಂದುಬಿಟ್ಟರು ಎಂದು ಹಲವರು ತಿಳಿದಿದ್ದಾರೆ. ಹಾಗೇನಿಲ್ಲ. ಬಾಷ್ ಕಂಪನಿಯ ಡಿ-ಜೆಟ್ರಾನಿಕ್ 1967ರಲ್ಲಿ ಫೋಕ್ಸ್‌ವ್ಯಾಗನ್ 1600ರಲ್ಲಿ ಬಂದಾಗ ಎಲೆಕ್ಟ್ರಾನಿಕ್ ಪೆಟ್ಟಿಗೆ ನೋಡಿಕೊಳ್ಳುತ್ತಿದ್ದದ್ದು ಪೆಟ್ರೋಲನ್ನು ಮಾತ್ರ. ಕಿಡಿ ಹಳೆಯ ತೂಕ, ಹಳೆಯ ಡಯಾಫ್ರಮ್ಮುಗಳದ್ದೇ. ಎಪ್ಪತ್ತರ ದಶಕದ ಕೆ-ಜೆಟ್ರಾನಿಕ್, ಎಲ್-ಜೆಟ್ರಾನಿಕ್ ಕಾರುಗಳಲ್ಲಿ ಬಹುಪಾಲು ಇದೇ ಕಥೆ. ಅತ್ತ ಕಿಡಿಯ ಕಂಪ್ಯೂಟರ್ ಬೇರೆ ದಾರಿಯಲ್ಲಿ ಬೆಳೆಯುತ್ತಿತ್ತು: 1976ರ ಕ್ರೈಸ್ಲರ್ ಲೀನ್ ಬರ್ನ್ ವ್ಯವಸ್ಥೆ ಕಾರ್ಬ್ಯುರೇಟರ್ ಎಂಜಿನ್ನಿನ ಕಿಡಿಯನ್ನೇ ಎಲೆಕ್ಟ್ರಾನಿಕ್ಸಿನಿಂದ ಆಳಿತು; 1977ರ ಓಲ್ಡ್ಸ್‌ಮೊಬೈಲ್ ಟೊರೊನಾಡೊದಲ್ಲಿ ಆ ಕೆಲಸಕ್ಕೆ ಮೈಕ್ರೊಪ್ರೊಸೆಸರ್ ಬಂತು. ಎರಡು ದಾರಿಗಳು ಕೂಡಿದ್ದು 1979ರಲ್ಲಿ, ಬಿಎಂಡಬ್ಲ್ಯೂ 732ಐ ಕಾರಿನ ಮೊಟ್ರಾನಿಕ್‌ನಲ್ಲಿ. ಆದ್ದರಿಂದ ಹಳೆಯ ಇಂಜೆಕ್ಷನ್ ಕಾರಿನ ಬಾನೆಟ್ ಎತ್ತಿದವರು ಸ್ಪ್ಯಾನರ್ ಹಿಡಿಯುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಈ ಎಂಜಿನ್ನಿನಲ್ಲಿ, ಈ ಕ್ಷಣದಲ್ಲಿ, ಕಿಡಿಯ ಹೊತ್ತನ್ನು ತೀರ್ಮಾನಿಸುತ್ತಿರುವುದು ಯಾರು?

ಜೆಟ್ರಾನಿಕ್ ಕಾಲದ ಕಾರಾದರೆ ಉತ್ತರ ಸುಲಭ. ವ್ಯಾಕ್ಯೂಮ್ ಪೈಪು ತೆಗೆದು ಬಾಯಿ ಮುಚ್ಚಿ, ಕೈಪಿಡಿ ಹೇಳಿದ ವೇಗದಲ್ಲಿ ಎಂಜಿನ್ ಓಡಿಸಿ, ಪ್ರತಿ ಕಿಡಿಗೂ ಮಿನುಗುವ ಟೈಮಿಂಗ್ ಲೈಟ್ ಬಿಟ್ಟು ಕ್ರ್ಯಾಂಕ್ ಪುಲ್ಲಿಯ ಗುರುತು ನೋಡಿದರಾಯಿತು. ತೂಕಗಳು ಮೆಲ್ಲನೆ ತುಕ್ಕು ಹಿಡಿಯುವುದು, ಡಯಾಫ್ರಮ್ ಹರಿಯುವುದು ಈ ಕಾರುಗಳ ವಯೋಸಹಜ ರೋಗ. ಐಡ್ಲಿಂಗಿನ ಅಂಕಿ ಸರಿಯಿದ್ದೂ ಆಕ್ಸಿಲರೇಟರ್ ಒತ್ತಿದಾಗ ಗುರುತು ಸರಿಯದಿದ್ದರೆ ಟೈಮಿಂಗ್ ಕೆಟ್ಟಿಲ್ಲ, ಡೆಲ್ಕೋ ಕೆಟ್ಟಿದೆ.

ಕಷ್ಟವಿರುವುದು ನಡುವಿನ ತಲೆಮಾರಿನಲ್ಲಿ, ಎಂಬತ್ತರ ದಶಕದ ನಡುವಿನಿಂದ ತೊಂಬತ್ತರ ದಶಕದ ಕೊನೆಯವರೆಗಿನ ಕಾರುಗಳಲ್ಲಿ. ಡೆಲ್ಕೋ ಹಾಗೇ ಇದೆ, ಅದನ್ನು ಹಿಡಿದ ಬೋಲ್ಟೂ ಇದೆ, ತಿರುಗಿಸಿದರೆ ತಿರುಗುತ್ತದೆ. ಆದರೆ ಒಳಗೆ ಪಾಯಿಂಟಿಲ್ಲ, ತೂಕಗಳಿಲ್ಲ. ಅವುಗಳ ಜಾಗದಲ್ಲಿ ಸೆನ್ಸರ್ ಕೂತಿದೆ. ಅದು ಕಂಪ್ಯೂಟರಿಗೆ ಪಿಸ್ಟನ್ ಎಲ್ಲಿದೆ ಎಂದು ತಿಳಿಸುತ್ತದೆ. ಕಂಪ್ಯೂಟರ್ ವೇಗ, ಭಾರ, ನೀರಿನ ಬಿಸಿ ಎಲ್ಲ ನೋಡಿ ತನ್ನ ಕೋಷ್ಟಕದಿಂದ ಒಂದು ಅಂಕಿ ತೆಗೆದು ಕಿಡಿ ಹಾರಿಸುತ್ತದೆ. ಪಿಸ್ಟನ್ನನ್ನು ಅದು ಕಣ್ಣಾರೆ ಕಾಣುವುದಿಲ್ಲ. ಸೆನ್ಸರ್ ಹೇಳಿದ್ದನ್ನು ನಂಬುತ್ತದೆ. ಡೆಲ್ಕೋ ಕ್ರ್ಯಾಂಕಿನ ಲೆಕ್ಕದಲ್ಲಿ ನಾಲ್ಕು ಡಿಗ್ರಿ ಮುಂದಿದ್ದರೆ ಐಡ್ಲಿಂಗಿನಲ್ಲಿ ನಾಲ್ಕು ಡಿಗ್ರಿ ತಪ್ಪು, ಹೆದ್ದಾರಿಯಲ್ಲಿ ನಾಲ್ಕು ಡಿಗ್ರಿ ತಪ್ಪು, ಏರಿನಲ್ಲೂ ನಾಲ್ಕು ಡಿಗ್ರಿ ತಪ್ಪು. ತೂಗುವ ಮೊದಲು ತಕ್ಕಡಿಯ ಮುಳ್ಳನ್ನು ಸೊನ್ನೆಗೆ ತರುವಂಥ ಕೆಲಸ ಇದು. ಸಾಮಾನಿನ ತೂಕವನ್ನು ಇಲ್ಲಿ ಯಾರೂ ನಿರ್ಧರಿಸುತ್ತಿಲ್ಲ. ಬೇಸ್ ಟೈಮಿಂಗ್ ಎನ್ನುವುದು ಈ ಸೊನ್ನೆಯನ್ನೇ.

ಇನ್ನೊಂದು ತೊಡಕೂ ಇದೆ. ಇಂಥ ಕಂಪ್ಯೂಟರುಗಳು ಐಡ್ಲಿಂಗನ್ನು ಸ್ಥಿರವಾಗಿಡಲು ಕಿಡಿಯನ್ನೇ ಬಳಸುತ್ತವೆ. ವೇಗ ಸ್ವಲ್ಪ ಕುಸಿದರೆ ಅಡ್ವಾನ್ಸ್ ಕೊಡುತ್ತವೆ, ಏರಿದರೆ ಕಸಿಯುತ್ತವೆ. ಹಾಗೇ ಲೈಟ್ ಬಿಟ್ಟರೆ ಪುಲ್ಲಿಯ ಗುರುತು ಒಂದೆಡೆ ನಿಲ್ಲುವುದಿಲ್ಲ, ಕುಣಿಯುತ್ತದೆ. ಡೆಲ್ಕೋ ತಿರುಗಿಸಿದರೆ ಅದಕ್ಕೆ ಪ್ರತಿಯಾಗಿ ಕಂಪ್ಯೂಟರೂ ಸರಿಯುತ್ತದೆ. ಆದ್ದರಿಂದ ಮೊದಲು ಅದನ್ನು ಸುಮ್ಮನಾಗಿಸಬೇಕು, ಕಿಡಿಯನ್ನು ಒಂದೇ ಕೋನದಲ್ಲಿ ಕಟ್ಟಿಹಾಕಬೇಕು. ಇದಕ್ಕೆ ಪ್ರತಿ ಕಂಪನಿಯೂ ತನ್ನದೇ ಗುಟ್ಟಿನ ಕೀಲಿ ಇಟ್ಟಿದೆ, ಮತ್ತು ಒಂದರ ಕೀಲಿ ಇನ್ನೊಂದಕ್ಕೆ ಹೊಂದುವುದಿಲ್ಲ.

ಟೊಯೊಟಾದಲ್ಲಿ ಬಾನೆಟ್ಟಿನ ಕೆಳಗಿನ ಡಯಾಗ್ನಾಸ್ಟಿಕ್ ಡಬ್ಬಿಯ ಟಿಇ1 ಮತ್ತು ಇ1 ಎಂಬ ಎರಡು ಕಿಂಡಿಗಳನ್ನು ತಂತಿಯಿಂದ ಕೂಡಿಸುತ್ತಾರೆ. 4ಎ-ಎಫ್‌ಇ ಎಂಜಿನ್ನಿನಲ್ಲಿ ಆಗ ಕಾಣಬೇಕಾದ್ದು ಟಿಡಿಸಿಗೆ, ಎಂದರೆ ಪಿಸ್ಟನ್ನಿನ ಮೇಲಿನ ತುದಿಗೆ, 10 ಡಿಗ್ರಿ ಮುಂಚೆ. ಪಿಕಪ್ ಟ್ರಕ್ಕುಗಳ ಹಳೆಯ 22ಆರ್-ಇ ಎಂಜಿನ್ನಿಗೆ ಅದೇ ರೀತಿ ಕೂಡಿಸಿದಾಗ 5 ಡಿಗ್ರಿ. ತಂತಿ ತೆಗೆದರೆ ಅದೇ ಎಂಜಿನ್ 12ರ ಹತ್ತಿರ ನಿಲ್ಲುತ್ತದೆ. ತಂತಿ ಹಾಕದೆ ಲೈಟ್ ಬಿಟ್ಟು, 12 ಕಂಡು ಬೆದರಿ, 5ಕ್ಕೆ ಎಳೆದು ಕೂರಿಸಿದರೆ ಆ ಗಾಡಿ ಅಲ್ಲಿಂದ ಮುಂದೆ ಎಲ್ಲ ವೇಗದಲ್ಲೂ 7 ಡಿಗ್ರಿ ಹಿಂದೆಯೇ ಉಳಿಯುತ್ತದೆ. ಇಂಥ ಸೋಮಾರಿ ಗಾಡಿಗಳ ಜಡತನಕ್ಕೆ ಬಹಳ ಸಲ ಇದೇ ಕಾರಣ ಎಂದು ನನ್ನ ನಂಬಿಕೆ.

ಮಾಜ್ದಾ ಎಂಎಕ್ಸ್-5ರ ಮೊದಲ ತಲೆಮಾರಿನಲ್ಲಿ ಟಿಇಎನ್ ಮತ್ತು ಜಿಎನ್‌ಡಿ ಕಿಂಡಿಗಳನ್ನು ಕೂಡಿಸಿ 10 ಡಿಗ್ರಿಗೆ ಇಡಬೇಕು. ಅಲ್ಲಿ ತಿರುಗಿಸುವುದು ಡೆಲ್ಕೋ ಅಲ್ಲ, ಕ್ಯಾಮ್‌ಶಾಫ್ಟಿನ ಹಿಂತುದಿಯ ಸೆನ್ಸರ್. ಹೊಂಡಾದಲ್ಲಿ ಸರ್ವಿಸ್ ಚೆಕ್ ಕನೆಕ್ಟರ್ ಎಂಬ ಎರಡು ಪಿನ್ನಿನ ಪುಟ್ಟ ಪ್ಲಗ್ಗು ಡ್ಯಾಷ್‌ಬೋರ್ಡಿನ ಕೆಳಗೆ ಅಡಗಿರುತ್ತದೆ. 1992ರಿಂದ 95ರ ಸಿವಿಕ್‌ಗೆ 16 ಡಿಗ್ರಿ, ಪುಲ್ಲಿಯ ಕೆಂಪು ಗುರುತು. ಪಕ್ಕದಲ್ಲೇ ಟಿಡಿಸಿಯ ಬಿಳಿ ಗುರುತೂ ಇದೆ. ಎಣ್ಣೆ, ಕೊಳೆ ಕಟ್ಟಿದ ಪುಲ್ಲಿಯಲ್ಲಿ ಬಿಳಿಯನ್ನೇ ಕೆಂಪೆಂದು ಹಿಡಿದರೆ 16 ಡಿಗ್ರಿ ತಪ್ಪು. ಮಿತ್ಸುಬಿಷಿಯ 4ಜಿ63 ಎಂಜಿನ್ನಿನಲ್ಲಿ ಟೈಮಿಂಗ್ ಕನೆಕ್ಟರನ್ನು ಗಾಡಿಯ ಮೈಗೆ ಅರ್ತ್ ಮಾಡಿದಾಗ 5 ಡಿಗ್ರಿ, ಬಿಟ್ಟಾಗ 8ರ ಆಸುಪಾಸು.

ಅಮೆರಿಕದವರ ರೀತಿ ಬೇರೆ, ಕೂಡಿಸುವುದಲ್ಲ, ಬಿಡಿಸುವುದು. ಫೋರ್ಡ್ ಎಂಬತ್ತರ ದಶಕದ ಮಸ್ಟಾಂಗ್ 5.0 ಮುಂತಾದವುಗಳಲ್ಲಿ ಸ್ಪೌಟ್ ಎಂಬ ಸಣ್ಣ ಪ್ಲಗ್ಗು ಇಟ್ಟಿತು, ಅದನ್ನು ಕಿತ್ತರೆ ಕಿಡಿ 10 ಡಿಗ್ರಿಯಲ್ಲಿ ನಿಲ್ಲುತ್ತದೆ. ಜನರಲ್ ಮೋಟರ್ಸ್ ಟ್ರಕ್ಕುಗಳಲ್ಲಿ ಕಪ್ಪು ಗೆರೆಯಿರುವ ಕಂದು ತಂತಿಯೊಂದನ್ನು ಬಿಡಿಸಬೇಕು, 5.7 ಲೀಟರಿನ ಟಿಬಿಐ (ಥ್ರಾಟಲ್ ಬಾಡಿ ಇಂಜೆಕ್ಷನ್) ಎಂಜಿನ್ನಿಗೆ ಆಗ ಬೇಕಾದ್ದು ಸೊನ್ನೆ ಡಿಗ್ರಿ. ತಂತಿ ಬಿಡಿಸಿದ್ದಕ್ಕೆ ಕಂಪ್ಯೂಟರ್ 42 ಎಂಬ ಕೋಡ್ ಬರೆದುಕೊಂಡು ದೀಪ ಹಚ್ಚುತ್ತದೆ, ಕೆಲಸ ಮುಗಿದ ಮೇಲೆ ಅದನ್ನು ಅಳಿಸಬೇಕು. ಫೋಕ್ಸ್‌ವ್ಯಾಗನ್ ಗಾಲ್ಫಿನ ಡಿಜಿಫ್ಯಾಂಟ್ ವ್ಯವಸ್ಥೆ ಎಲ್ಲಕ್ಕಿಂತ ವಿಚಿತ್ರ: ನೀಲಿ ಟೆಂಪರೇಚರ್ ಸೆನ್ಸರಿನ ಪ್ಲಗ್ಗು ಕಿತ್ತು, ಐಡ್ಲಿಂಗಿನಲ್ಲಲ್ಲ, 2000ದಿಂದ 2500 ಸುತ್ತಿನಲ್ಲಿ ಹಿಡಿದು 6 ಡಿಗ್ರಿ ನೋಡಬೇಕು. ಕೈಪಿಡಿ ಓದದೆ ಇದನ್ನು ಊಹಿಸುವವರು ಯಾರು?

ಕೀಲಿ ಸಿಕ್ಕಿದ ಮೇಲೆ ಮಿಕ್ಕ ಕೆಲಸ ಹೆಚ್ಚಿನ ಕಾರುಗಳಲ್ಲಿ ಒಂದೇ ತೆರನಾದ್ದು. ಎಂಜಿನ್ ಪೂರ್ತಿ ಕಾದಿರಬೇಕು. ಎಸಿ, ಹೆಡ್‌ಲೈಟ್ ಆಫ್ ಆಗಿದ್ದು, ರೇಡಿಯೇಟರ್ ಫ್ಯಾನ್ ನಿಂತ ಹೊತ್ತು ನೋಡಬೇಕು. ಐಡ್ಲಿಂಗ್ ವೇಗ ಹೇಳಿದ ಮಟ್ಟದಲ್ಲಿರಬೇಕು. ಲೈಟಿನ ಕ್ಲಿಪ್ ಒಂದನೇ ಸಿಲಿಂಡರಿನ ಪ್ಲಗ್ ವೈರಿಗೆ. ಬೋಲ್ಟನ್ನು ಡೆಲ್ಕೋ ಕೈಯಿಂದ ತಿರುಗುವಷ್ಟು ಮಾತ್ರ ಸಡಿಲಿಸಬೇಕು, ಯಾಕೆಂದರೆ ಡೆಲ್ಕೋ ಕ್ಯಾಮಿನ ವೇಗದಲ್ಲಿ, ಕ್ರ್ಯಾಂಕಿನ ಅರ್ಧ ವೇಗದಲ್ಲಿ, ಸುತ್ತುತ್ತದೆ. ಡಬ್ಬಿಯ ಒಂದು ಡಿಗ್ರಿ ಕ್ರ್ಯಾಂಕಿನ ಎರಡು ಡಿಗ್ರಿಗೆ ಸಮ. 70 ಮಿಲಿಮೀಟರ್ ಅಗಲದ ಡಬ್ಬಿಯ ಅಂಚು 0.6 ಮಿಲಿಮೀಟರ್ ಸರಿದರೆ ಎರಡು ಡಿಗ್ರಿ ಮುಗಿಯಿತು. ರೋಟರ್ ಸುತ್ತುವ ದಿಕ್ಕಿಗೆ ಎದುರಾಗಿ ತಿರುಗಿಸಿದರೆ ಅಡ್ವಾನ್ಸ್, ಅದೇ ದಿಕ್ಕಿಗೆ ತಿರುಗಿಸಿದರೆ ರಿಟಾರ್ಡ್. ಬೋಲ್ಟ್ ಬಿಗಿ ಮಾಡುವಾಗಲೇ ಡಬ್ಬಿ ಸರಿಯುವುದರಿಂದ ಬಿಗಿದ ನಂತರ ಮತ್ತೆ ನೋಡಬೇಕು. ಗುರುತನ್ನು ಓರೆಯಾಗಿ ನೋಡಿದರೆ ಒಂದೆರಡು ಡಿಗ್ರಿ ಕಣ್ಣೇ ಕದಿಯುತ್ತದೆ, ನೇರ ಎದುರಿನಿಂದ ನೋಡಬೇಕು. ಲೈಟಿನ ಬೆಳಕಿನಲ್ಲಿ ಫ್ಯಾನೂ ಬೆಲ್ಟೂ ನಿಂತಂತೆ ಕಾಣುತ್ತವೆ, ನಿಂತಿರುವುದಿಲ್ಲ. ಉದ್ದ ತೋಳು, ಶಾಲು, ಸೆರಗು ದೂರವಿರಲಿ. ಟೊಯೊಟಾದ ಡಬ್ಬಿಯಲ್ಲಿ ಬ್ಯಾಟರಿಯ ಪಾಸಿಟಿವ್ ಕಿಂಡಿಯೂ ಇದೆ. ಮುಚ್ಚಳದ ಒಳಗಿನ ಹೆಸರು ಓದದೆ ತಂತಿ ಚುಚ್ಚುವ ಧೈರ್ಯ ಬೇಡ.

ಈ ವಿಧಾನದ ಬಗ್ಗೆ ಬರೆಯುವವರು ಹೆಚ್ಚಾಗಿ ಹಾರಿಸಿಬಿಡುವ ಸಂಗತಿ ಒಂದಿದೆ, ಅದೇ ನನ್ನ ಮಟ್ಟಿಗೆ ಬಹಳ ದೊಡ್ಡದು: ಪುಲ್ಲಿಯ ಗುರುತು ನಿಜ ಹೇಳುತ್ತಿದೆಯೇ? ಬಹಳಷ್ಟು ಎಂಜಿನ್ನುಗಳ ಕ್ರ್ಯಾಂಕ್ ಪುಲ್ಲಿ ಒಂದೇ ತುಂಡಲ್ಲ. ಒಳಗಿನ ಗುಂಬಕ್ಕೂ ಹೊರಗಿನ ಬಳೆಗೂ ನಡುವೆ, ಕಂಪನ ಹೀರಲೆಂದು, ರಬ್ಬರಿನ ಪಟ್ಟಿ ಇರುತ್ತದೆ. ಇಪ್ಪತ್ತು ಮೂವತ್ತು ವರ್ಷದ ಬಿಸಿ ಮತ್ತು ಆಯಿಲ್ ತಿಂದ ರಬ್ಬರ್ ಬಿಟ್ಟುಕೊಂಡರೆ ಹೊರಬಳೆ ಮೆಲ್ಲಗೆ ಜಾರುತ್ತದೆ, ಗುರುತು ಇರುವುದು ಆ ಬಳೆಯ ಮೇಲೆ. ಆಗ ಎಷ್ಟೇ ಒಳ್ಳೆಯ ಲೈಟಿದ್ದರೂ ಅದು ತೋರಿಸುವುದು ಸುಳ್ಳು. ಪರೀಕ್ಷೆ ಕಷ್ಟವೇನಲ್ಲ. ಎಲ್ಲ ಪ್ಲಗ್ ತೆಗೆದು, ಒಂದನೇ ಸಿಲಿಂಡರಿನ ಪ್ಲಗ್ ತೂತಿಗೆ ಪಿಸ್ಟನ್ನನ್ನು ತುದಿ ತಲುಪುವ ಮೊದಲೇ ತಡೆಯುವ ಮೊಂಡು ಸ್ಟಾಪರ್ ಕೂರಿಸಿ, ಸ್ಪ್ಯಾನರಿನಿಂದ ಕ್ರ್ಯಾಂಕನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸಬೇಕು, ಸ್ಟಾರ್ಟರ್ ಮುಟ್ಟಲೇಬಾರದು. ಪಿಸ್ಟನ್ ತಾಗಿದಲ್ಲಿ ಪುಲ್ಲಿಯ ಮೇಲೆ ಒಂದು ಗೆರೆ. ಹಿಂದಕ್ಕೆ ತಿರುಗಿಸಿ ಇನ್ನೊಂದು ಕಡೆಯಿಂದ ತಾಗಿದಲ್ಲಿ ಇನ್ನೊಂದು ಗೆರೆ. ಎರಡರ ನಟ್ಟನಡುವೆ ಇರುವುದೇ ನಿಜವಾದ ಟಿಡಿಸಿ. ಕಾರ್ಖಾನೆಯ ಗುರುತು ಅಲ್ಲಿಗೆ ಕೂಡದಿದ್ದರೆ ಪುಲ್ಲಿ ಬದಲಿಸಬೇಕು, ಟೈಮಿಂಗ್ ಆಮೇಲೆ.

ಹಾಗೆಯೇ ಟೈಮಿಂಗ್ ಬೆಲ್ಟ್. ಇಪ್ಪತ್ತು ಹಲ್ಲಿನ ಕ್ರ್ಯಾಂಕ್ ಗಾಲಿಯಲ್ಲಿ ಬೆಲ್ಟ್ ಒಂದು ಹಲ್ಲು ತಪ್ಪಿ ಕೂತರೆ 18 ಡಿಗ್ರಿ. ಡೆಲ್ಕೋ ಕ್ಯಾಮಿಗೆ ಕಟ್ಟಿದ್ದರಿಂದ ಕಿಡಿಯೂ ಅಷ್ಟೇ ಸರಿಯುತ್ತದೆ. ಆಗ ಡಬ್ಬಿಯನ್ನು ಗಟ್ಟಿಯಾಗಿ ತಿರುಗಿಸಿ ಲೈಟಿನಲ್ಲಿ ಅಂಕಿ ಕೂಡಿಸಬಹುದು, ಕೆಲವರು ಕೂಡಿಸಿಯೂ ಕೊಡುತ್ತಾರೆ. ಕಿಡಿ ಸರಿಹೋಯಿತು, ವಾಲ್ವುಗಳು ತಪ್ಪಿದಲ್ಲೇ ಉಳಿದವು. ಸರಿ ಅಂಕಿಗಾಗಿ ಡೆಲ್ಕೋ ತನ್ನ ಬೋಲ್ಟ್ ಸೀಳಿನ ತುದಿಗೆ ಹೋಗಿ ನಿಂತರೆ ಅಲ್ಲೇ ಕೈ ತಡೆದು ಬೆಲ್ಟ್ ಕವರ್ ಬಿಚ್ಚಬೇಕು. ಕೀಲಿ ಹಾಕಿದ ಮೇಲೂ ಗುರುತು ಎರಡು ಮೂರು ಡಿಗ್ರಿ ನಡುಗುತ್ತಿದ್ದರೆ ಡೆಲ್ಕೋ ಶಾಫ್ಟಿನ ಬುಷ್ ಸವೆದಿರಬಹುದು, ಅಥವಾ ಬೆಲ್ಟ್ ಸಡಿಲಾಗಿರಬಹುದು.

ಮೂರನೆಯ ತಲೆಮಾರಿನಲ್ಲಿ ಹೊಂದಿಸಲು ಏನೂ ಇಲ್ಲ, ಆದರೆ ಇದ್ದಂತೆ ಕಾಣುತ್ತದೆ. ಮೊಟ್ರಾನಿಕ್ ಇರುವ ಬಿಎಂಡಬ್ಲ್ಯೂ, 1989ರಿಂದೀಚಿನ ವೋಲ್ವೊ 240, ಜೀಪಿನ 4.0 ಲೀಟರ್ ಎಂಜಿನ್ನುಗಳಲ್ಲಿ ಕಂಪ್ಯೂಟರ್ ಪಿಸ್ಟನ್ನಿನ ಜಾಗವನ್ನು ನೇರ ಕ್ರ್ಯಾಂಕಿನಿಂದಲೇ ಓದಿಕೊಳ್ಳುತ್ತದೆ. ಡಿಸ್ಟ್ರಿಬ್ಯೂಟರ್ ಇದ್ದರೂ ಅದರ ಕೆಲಸ ಕರೆಂಟನ್ನು ಸರಿಯಾದ ಪ್ಲಗ್ಗಿಗೆ ಹಂಚುವುದು. ಜೀಪಿನಲ್ಲಿ ಅದನ್ನು ತಿರುಗಿಸಿದರೆ ಕಿಡಿಯ ಹೊತ್ತು ಎಳ್ಳಷ್ಟೂ ಬದಲಾಗದು, ರೋಟರ್ ಮಾತ್ರ ಕ್ಯಾಪಿನ ಕಡ್ಡಿಯಿಂದ ದೂರ ಸರಿದು ಮಿಸ್ಸಿಂಗ್ ಶುರುವಾಗುತ್ತದೆ. 1996ರಿಂದೀಚಿನ ಷೆವ್ರೊಲೆ ವೊರ್ಟೆಕ್ 5.7ರಲ್ಲೂ ಹೀಗೆಯೇ, ಅಲ್ಲಿ ಡಿಸ್ಟ್ರಿಬ್ಯೂಟರ್ ಕೂರಿಸಲು ಸ್ಕ್ಯಾನರ್ ಬೇಕು. ಮರ್ಸಿಡಿಸ್ ಎಂ103 ಎಂಜಿನ್ನಿಗಂತೂ ತಿರುಗಿಸುವ ಬೋಲ್ಟೇ ಇಲ್ಲ. ಕಡಿಮೆ ಆಕ್ಟೇನ್ ಪೆಟ್ರೋಲಿನ ಊರಿಗೆ ಅಂಕಿ ಬದಲಿಸಬೇಕಾದರೆ ಒಂದು ರೆಸಿಸ್ಟರ್ ಬದಲಿಸುತ್ತಾರೆ.

ಈಗ ವಾದದ ವಿಷಯ. ಕಂಪನಿ ಕೊಟ್ಟ ಅಂಕಿ ಹೊಗೆ ಪರೀಕ್ಷೆಗಾಗಿ ಹಿಂದಕ್ಕೆಳೆದದ್ದು, ಎರಡು ನಾಲ್ಕು ಡಿಗ್ರಿ ಮುಂದಿಟ್ಟರೆ ಪಿಕಪ್ ಬರುತ್ತದೆ ಎಂಬ ಮಾತು ಎಲ್ಲ ದೇಶಗಳ ಗ್ಯಾರೇಜುಗಳಲ್ಲೂ ಇದೆ. ಅದರಲ್ಲಿ ನಿಜದ ಪಾಲಿದೆ. ಎಪ್ಪತ್ತರ ದಶಕದ ಕಡಿಮೆ ಕಂಪ್ರೆಷನ್ನಿನ ಎಂಜಿನ್ನುಗಳಲ್ಲಿ ಕಿಡಿಯನ್ನು ತಡಮಾಡಿ ಎಕ್ಸಾಸ್ಟನ್ನು ಕಾಯಿಸಿ ಹೊಗೆ ತಗ್ಗಿಸುತ್ತಿದ್ದರು. ಮಸ್ಟಾಂಗ್ 5.0 ಕಾರನ್ನು 10ರಿಂದ 14ಕ್ಕೆ ಏರಿಸುವುದು ಅಮೆರಿಕದ ಹವ್ಯಾಸಿಗಳಲ್ಲಿ ವಾಡಿಕೆಯೇ ಆಯಿತು, ಅದಕ್ಕವರು ಹೆಚ್ಚು ಆಕ್ಟೇನಿನ ಪೆಟ್ರೋಲ್ ಹಾಕುತ್ತಿದ್ದರು. ಆದರೆ ಕೋಷ್ಟಕ ನೋಡಿ ಕಿಡಿ ಹಾರಿಸುವ ಎಂಜಿನ್ನಿನಲ್ಲಿ ಭಾರದ ಭಾಗದ ಅಂಕಿಗಳು ಮೊದಲೇ ನಾಕಿಂಗ್ ಗಡಿಯ ಹತ್ತಿರ ಇರುತ್ತವೆ. ನಾಲ್ಕು ಡಿಗ್ರಿ ಸೇರಿಸಿದರೆ ಹಗುರ ಓಟದಲ್ಲಿ ಚೂರು ಚುರುಕು ಕಂಡೀತು, ತುಂಬಿದ ಗಾಡಿಯ ಏರಿನಲ್ಲಿ ಗಡಿ ದಾಟುತ್ತದೆ. ನಾಕ್ ಸೆನ್ಸರ್ ಇರುವ ಕಾರು ಆಗ ತಾನೇ ಕಿಡಿ ಹಿಂದಕ್ಕೆಳೆದುಕೊಂಡು ಸೇರಿಸಿದ್ದನ್ನೆಲ್ಲ ವಾಪಸ್ ಕೊಡುತ್ತದೆ. ಸೆನ್ಸರ್ ಇಲ್ಲದ ಕಾರಿನಲ್ಲಿ ಪಿಸ್ಟನ್ನಿನ ರಿಂಗ್ ತೋಡು, ಹೆಡ್ ಗ್ಯಾಸ್ಕೆಟ್ ಅದರ ಬೆಲೆ ತೆರುತ್ತವೆ. ಆದ್ದರಿಂದ ನನ್ನ ಅಭಿಪ್ರಾಯ ಖಚಿತ: ಮೂಲ ಸ್ಥಿತಿಯಲ್ಲಿರುವ ಎಂಜಿನ್ನಿಗೆ ಕೈಪಿಡಿಯ ಅಂಕಿಯೇ ಸರಿ, ಕಿವಿಯ ಲೆಕ್ಕ ಈ ತಲೆಮಾರಿಗೆ ಹೊಂದದು.

ಕಿವಿ ಸೋಲುವುದಕ್ಕೆ ನಮ್ಮ ನೆಲವೇ ಸಾಕ್ಷಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಅಲ್ಲಿ ಮಂಗಳೂರಿಗಿಂತ ಶೇಕಡಾ ಹತ್ತರಷ್ಟು ಕಡಿಮೆ. ಸಿಲಿಂಡರ್ ತುಂಬುವುದೂ ಅಷ್ಟೇ ಕಡಿಮೆ, ನಾಕಿಂಗೂ ಕಡಿಮೆ. ಅಲ್ಲಿ ನಿಂತಲ್ಲೇ ಸದ್ದು ಕೇಳಿ ಮುಂದಿಟ್ಟ ಟೈಮಿಂಗ್ ಊರೊಳಗೆ ಚೆನ್ನಾಗಿಯೇ ಓಡುತ್ತದೆ. ಅದೇ ಕಾರು ಕರಾವಳಿಯ ಸೆಕೆಯಲ್ಲಿ, ಐದು ಜನರನ್ನೂ ಸಾಮಾನನ್ನೂ ಹೊತ್ತು, ಗುಂಡ್ಯದಿಂದ ಶಿರಾಡಿ ಘಾಟಿ ಏರುವಾಗ ಕಿಣಿಕಿಣಿ ಶುರುಮಾಡುತ್ತದೆ.

ಭಾರತದಲ್ಲಿ ಈ ನಡುವಿನ ತಲೆಮಾರು ಬಾಳಿದ್ದು ಕೆಲವೇ ವರ್ಷ. 1998ರಲ್ಲಿ ಬಂದ ಮೊದಲ ಹೊಂಡಾ ಸಿಟಿಯ ಡಿ ಸರಣಿಯ ಎಂಜಿನ್ನಿನಲ್ಲಿ ಡಿಸ್ಟ್ರಿಬ್ಯೂಟರ್ ಇತ್ತು; 2000ದ ಹೊತ್ತಿಗೆ ಹೊಗೆ ನಿಯಮಗಳು ಬಿಗಿಯಾಗಿ ಕಾರ್ಬ್ಯುರೇಟರ್ ಹಿಂದೆ ಸರಿಯಿತು, ಸ್ವಲ್ಪದರಲ್ಲೇ ಡಿಸ್ಟ್ರಿಬ್ಯೂಟರೂ ಹೋಯಿತು. ಹಾಗಾಗಿ ಕಾರ್ಬ್ಯುರೇಟರ್ ಕಾಲದ ಅನುಭವವೇ ನೇರ ಈ ಕಾರುಗಳಿಗೂ ಬಂತು, ಕೀಲಿಯ ವಿಷಯ ಹಲವರಿಗೆ ತಲುಪಲೇ ಇಲ್ಲ. ಅದನ್ನು ತಿಳಿದ ಮೆಕ್ಯಾನಿಕ್ ಸಿಕ್ಕರೆ ಬಿಡಬಾರದು.

ಹೊಸದಾಗಿ ಸೇರಿದ ಪ್ರಶ್ನೆ ಇ20. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ, ಶೇಕಡಾ 20 ಎಥನಾಲ್ ಇರುವ ಈ ಪೆಟ್ರೋಲಿಗೆ ಹಳೆಯ ಕಾರಿನ ಟೈಮಿಂಗ್ ಬದಲಿಸಬೇಕೇ ಎಂದು ಕೇಳುವವರಿದ್ದಾರೆ. ಎಥನಾಲಿನ ಆಕ್ಟೇನ್ ಹೆಚ್ಚು, ಆವಿಯಾಗುವಾಗ ಅದು ಒಳಬರುವ ಗಾಳಿಯನ್ನು ತಂಪಾಗಿಸುತ್ತದೆ. ನಾಕಿಂಗ್ ಕಡಿಮೆಯಾಗುತ್ತದೆಯೇ ಹೊರತು ಹೆಚ್ಚುವುದಿಲ್ಲ. ತೊಂದರೆ ಇರುವುದು ಮಿಶ್ರಣದಲ್ಲಿ. ಬರಿಯ ಪೆಟ್ರೋಲಿಗೆ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕಾದರೆ ಇ20ಕ್ಕೆ ಸುಮಾರು 13.5. ಆಕ್ಸಿಜನ್ ಸೆನ್ಸರ್ ಇಲ್ಲದ, ಇದ್ದೂ ಸತ್ತಿರುವ ಕಾರಿಗೆ ಇದು ತಿಳಿಯುವುದಿಲ್ಲ. ಮಿಶ್ರಣ ತೆಳುವಾಗಿ ಗಾಡಿ ತಡವರಿಸುತ್ತದೆ. ಆ ತಡವರಿಕೆಗೆ ಡೆಲ್ಕೋ ತಿರುಗಿಸುವುದು ಪೆಟ್ರೋಲಿನ ರೋಗಕ್ಕೆ ಕಿಡಿಯ ಮದ್ದು. ಮೊದಲು ನೋಡಬೇಕಾದ್ದು ಆಕ್ಸಿಜನ್ ಸೆನ್ಸರ್, ಇಂಜೆಕ್ಟರ್, ಹಳೆಯ ರಬ್ಬರ್ ಪೈಪುಗಳು, ಇಂಟೇಕಿನ ಗಾಳಿ ಸೋರಿಕೆ.

ಎಲ್ಲ ಮುಗಿದ ಮೇಲೆ ಒಂದು ಪರೀಕ್ಷೆ ಬಾಕಿ ಇರುತ್ತದೆ. ಹಾಕಿದ ತಂತಿ ತೆಗೆದು, ಕಿತ್ತ ಪ್ಲಗ್ಗು ಮತ್ತೆ ಹಾಕಿ, ಲೈಟನ್ನು ಇನ್ನೊಮ್ಮೆ ಬಿಟ್ಟು ಎಂಜಿನ್ನನ್ನು 2500 ಸುತ್ತಿಗೆ ಏರಿಸಬೇಕು. ಗುರುತು ಸರಸರನೆ ಮುಂದೆ ಓಡಬೇಕು. ಓಡದಿದ್ದರೆ ಕಂಪ್ಯೂಟರ್ ಇನ್ನೂ ಕಟ್ಟಿಹಾಕಿದ ಸ್ಥಿತಿಯಲ್ಲೇ ಇದೆ: ಸ್ಪೌಟ್ ಪ್ಲಗ್ಗನ್ನು ಟೂಲ್ ಟ್ರೇಯಲ್ಲೇ ಬಿಟ್ಟು ಮನೆಗೆ ಕಳಿಸಿದ ಫೋರ್ಡ್ ಎಲ್ಲ ವೇಗದಲ್ಲೂ 10 ಡಿಗ್ರಿಯಲ್ಲೇ ಓಡುತ್ತದೆ, ಮತ್ತು ಮಾಲೀಕನಿಗೆ ಕಾಣುವುದು ಕಾಯುವ ಎಂಜಿನ್, ಇಳಿದ ಮೈಲೇಜು ಮಾತ್ರ. ಗುರುತು ಓಡಿದರೆ ಗಾಡಿಗೆ ಜನ ತುಂಬಿ ಒಂದು ಉದ್ದದ ಏರಿಗೆ ಒಯ್ಯಿರಿ. ಮೇಲಿನ ಗೇರಿನಲ್ಲಿ, ಕಡಿಮೆ ವೇಗದಲ್ಲಿ, ಆಕ್ಸಿಲರೇಟರನ್ನು ಒಂದೆರಡು ಕ್ಷಣ ಪೂರ್ತಿ ಒತ್ತಿ ಕೇಳಿ. ಕಿಣಿಕಿಣಿ ಬಂದರೆ ಕಾಲು ತೆಗೆದು ಹಿಂತಿರುಗಿ, ಪುಲ್ಲಿಯ ಗುರುತಿನಿಂದ ಮತ್ತೆ ಶುರುಮಾಡಬೇಕು.